ಕುರಿ ರೊಪ್ಪದ ನಾಯಿಗಳು

ಚಳ್ಳಕೆರೆ ಸೀಮೆಯಲ್ಲಿ ಮುಂಗಾರಿಗೆ ಮೊದಲು ಶೇಂಗಾ ಬಿತ್ತುವ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುವ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಕುರಿ ಗೊಬ್ಬರದಲ್ಲಿ ಶೇಕಡ 3ರಷ್ಟು ಸಾರಜನಕ, 1ರಷ್ಟು ರಂಜಕ ಮತ್ತು 2ರಷ್ಟು ಪೊಟ್ಯಾಷ್ ಇರುತ್ತದೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ ಅರ್ಧದಷ್ಟು ಮಾತ್ರ. ಕುರಿ ಹೊಲದಲ್ಲೇ ಮಲಗಿದರೆ ಹಿಕ್ಕೆಯ ಜೊತೆಗೆ ಗಂಜಲವೂ ಮಣ್ಣಿಗೆ ಸೇರುತ್ತದೆ, ಸಾಗಣೆಯ ಖರ್ಚಿಲ್ಲ. ಮರುದಿನ ಬೆಳಿಗ್ಗೆಯೇ ಕುಂಟೆ ಹೊಡೆದು ಮಣ್ಣಿಗೆ ಬೆರೆಸದಿದ್ದರೆ ಗಂಜಲದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈ ಲೆಕ್ಕಾಚಾರಕ್ಕಾಗಿಯೇ ಮೂರು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ನಾನು ಅಲ್ಲಿನ ಒಂದು ಕುರುಬರ ಕುಟುಂಬದ ಬಳಿಗೆ ಹೋದೆ. ನಾನು ಬೇಸಾಯಶಾಸ್ತ್ರದವನು. ಗೊಬ್ಬರದ ಲೆಕ್ಕ ಬರೆಯಲು ಹೋದವನು ಇಂದು ನಾಯಿಗಳ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಆ ಮನೆಗೆ ಏಳು ಎಕರೆ ಖುಷ್ಕಿ ಜಮೀನು, ತೊಂಬತ್ತು ಕುರಿ, ಮೂರು ನಾಯಿ. ಎಪ್ಪತ್ತು ದಾಟಿದ ಯಜಮಾನರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ ಮತ್ತು ಎಂಟು ವರ್ಷದ ಮೊಮ್ಮಗಳು. ನಾಯಿಗಳ ಹೆಸರು ಕರಿಯ, ಕೆಂಚ ಮತ್ತು ಬೆಳ್ಳಿ. ಯಾವ ಜಾತಿಯ ನಾಯಿಗಳೆಂದು ಕೇಳಿದ್ದಕ್ಕೆ ಯಜಮಾನರು, "ರೊಪ್ಪದ ಜಾತಿ ಸ್ವಾಮಿ" ಎಂದರು. ಮುಧೋಳದ ನಾಯಿಯಂತೆ ಸಣಕಲು ಮೈಯ ಬೇಟೆ ನಾಯಿಗಳಲ್ಲ ಅವು. ಅಗಲ ಎದೆಯ, ದಪ್ಪ ಕತ್ತಿನ, ನಿಧಾನ ನಡಿಗೆಯ ನಾಟಿ ನಾಯಿಗಳು.

ಅಟ್ಟುವ ನಾಯಿ, ಕಾಯುವ ನಾಯಿ

ಬ್ರಿಟನ್ನಿನ ಕುರಿ ನಾಯಿಗಳನ್ನು ನಮ್ಮಲ್ಲಿ ಅನೇಕರು ಚಲನಚಿತ್ರಗಳಲ್ಲಿ ನೋಡಿರಬಹುದು. ಒಡೆಯನ ಒಂದು ಸಿಳ್ಳಿಗೆ ಗುಡ್ಡದ ಮೇಲಿನ ಇಡೀ ಹಿಂಡನ್ನು ಸುತ್ತುಹಾಕಿ ದೊಡ್ಡಿಗೆ ತರುವ ಬಾರ್ಡರ್ ಕೋಲಿ ನಾಯಿ ಅದು. ವೇಲ್ಸ್ ಪ್ರಾಂತದ ಬಾಲಾ ಎಂಬಲ್ಲಿ 1873ರಷ್ಟು ಹಿಂದೆಯೇ ಇಂತಹ ನಾಯಿಗಳ ಸ್ಪರ್ಧೆ ನಡೆದಿತ್ತು. ಆದರೆ ಅಲ್ಲಿ ತೋಳಗಳು ನಿರ್ನಾಮವಾಗಿ ಶತಮಾನಗಳೇ ಕಳೆದಿವೆ. ಕುರಿಗಳನ್ನು ಗುಡ್ಡದ ಮೇಲೆ ಬಿಟ್ಟು ಮನೆಗೆ ಬರಬಹುದು. ಬೇಕಾದಾಗ ಒಟ್ಟುಗೂಡಿಸಿ ತರಲು ನಾಯಿ ಬೇಕು. ನಮ್ಮ ಬಯಲು ಸೀಮೆಯಲ್ಲಿ ತೋಳ ಇನ್ನೂ ಇದೆ. ಇಲ್ಲಿ ಹಿಂಡನ್ನು ಮೇಯಿಸುವವನು, ತಿರುಗಿಸುವವನು, ಎಣಿಸುವವನು ಮನುಷ್ಯನೇ. ನಾಯಿಯ ಕೆಲಸ ಕುರಿಯನ್ನು ಬಿಟ್ಟು ಕದಲದಿರುವುದು. ನಮ್ಮ ನಾಯಿಗೆ ಅಟ್ಟಲು ಬರುವುದಿಲ್ಲವೆಂದು ಹೀಗಳೆಯುವುದು ಸರಿಯಲ್ಲ. ಕುರಿಯನ್ನು ಅಟ್ಟುವ ಚಪಲವಿರುವ ನಾಯಿ ಇಲ್ಲಿ ಕೆಲಸಕ್ಕೆ ಬರುವುದೇ ಇಲ್ಲ.

ಒಂದು ದಿನದ ಕೆಲಸ

ಬೆಳಗಿನ ಜಾವ ಸೊಸೆ ರೊಪ್ಪಕ್ಕೆ ಬಂದು ಮರಿಗಳಿಗೆ ಹಾಲು ಕುಡಿಸುವ ಹೊತ್ತಿಗೆ ರಾತ್ರಿಯೆಲ್ಲ ಎಚ್ಚರವಾಗಿದ್ದ ನಾಯಿಗಳು ಮುಳ್ಳುಬೇಲಿಯ ಬುಡದಲ್ಲಿ ಮಲಗಿರುತ್ತವೆ. ಹೊತ್ತೇರಿದ ಮೇಲೆ ಹಿಂಡು ಕಾವಲಿನ ಕಡೆಗೆ ಹೊರಡುತ್ತದೆ. ಕರಿಯ ಮುಂದೆ, ಕೆಂಚ ಹಿಂದೆ. ಬೆಳ್ಳಿ ಎಳೆ ಮರಿಗಳ ಜೊತೆ ರೊಪ್ಪದಲ್ಲೇ ಉಳಿಯುತ್ತದೆ. ಹೀಗೆಂದು ಯಾರೂ ಅವಕ್ಕೆ ಕಲಿಸಿಲ್ಲ, ಅವೇ ಹಂಚಿಕೊಂಡಿವೆ. ಮಧ್ಯಾಹ್ನ ಹಿಂಡು ಜಾಲಿಯ ನೆರಳಿನಲ್ಲಿ ನಿಂತಾಗ ನಾಯಿಗಳಿಗೂ ನಿದ್ದೆ. ಇಳಿಹೊತ್ತಿನಲ್ಲಿ ಹಳ್ಳ ದಾಟುವಾಗ ಮಾತ್ರ ಎರಡೂ ಕಿವಿ ನಿಮಿರಿಸಿ ನಡೆಯುತ್ತವೆ. ಹಿಂದುಳಿದ ಕುಂಟು ಕುರಿಯೊಂದಕ್ಕಾಗಿ ಕೆಂಚ ಅರ್ಧ ಗಂಟೆ ಹಳ್ಳದಲ್ಲೇ ಕಾದು ನಿಂತಿದ್ದನ್ನು ನಾನು ಕಂಡಿದ್ದೇನೆ.

ರಾತ್ರಿ ಮನೆಯವರು ಉಣ್ಣುವ ಮೊದಲು ನಾಯಿಗೆ ಮುದ್ದೆ ಮತ್ತು ಮಜ್ಜಿಗೆ. ಮೈಲಾರಲಿಂಗನ ಒಕ್ಕಲಾದ ಅವರಿಗೆ ನಾಯಿ ದೇವರ ಪರಿವಾರಕ್ಕೆ ಸೇರಿದ್ದು. ಮೈಲಾರನ ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವುದನ್ನು ಓದುಗರು ಬಲ್ಲರು. ಆ ಮನೆಯಲ್ಲಿ ನಾಯಿಯ ಮೇಲೆ ಕೋಲು ಎತ್ತಿದ್ದನ್ನು ನಾನು ನೋಡಲಿಲ್ಲ.

ನಾನು ಹೊಲದಲ್ಲಿ ಉಳಿದ ಮೂರನೆಯ ರಾತ್ರಿ ಕರಿಯ ಬೊಗಳತೊಡಗಿತು. ಯಜಮಾನರು ಕಂಬಳಿಯಿಂದ ತಲೆ ಹೊರಹಾಕಿ ಒಂದು ಗಳಿಗೆ ಕೇಳಿಸಿಕೊಂಡು, "ಇದು ನರಿಗೆ ಬೊಗಳೋದಲ್ಲ, ಏಳ್ರಪ್ಪಾ" ಎಂದು ಮಕ್ಕಳನ್ನು ಎಬ್ಬಿಸಿದರು. ಕರಿಯ ಮತ್ತು ಕೆಂಚ ಬಲೆಯ ರೊಪ್ಪದ ಹೊರಗೆ ಇಪ್ಪತ್ತು ಮಾರು ಮುಂದಕ್ಕೆ ಹೋಗಿ ನಿಂತವು. ಅಲ್ಲಿಂದ ಮುಂದೆ ಹೋಗಲಿಲ್ಲ. ಬೆಳ್ಳಿ ಅದಕ್ಕೆ ವಿರುದ್ಧವಾದ ಬದಿಯಲ್ಲಿ ಕತ್ತಲಿನತ್ತ ಮುಖ ಮಾಡಿ ನಿಂತಿತ್ತು. ತೋಳಗಳು ಒಂದು ಕಡೆಯಿಂದ ನಾಯಿಯನ್ನು ಸೆಳೆದು ಇನ್ನೊಂದು ಕಡೆಯಿಂದ ನುಗ್ಗುತ್ತವೆಂದು ಯಜಮಾನರು ಆಮೇಲೆ ವಿವರಿಸಿದರು. ಬ್ಯಾಟರಿ ಬೆಳಕು ಹಾಯಿಸಿ ಕೂಗು ಹಾಕಿದ ಮೇಲೆ ಎಲ್ಲವೂ ಶಾಂತವಾಯಿತು. ಬೆಳಿಗ್ಗೆ ಹಳ್ಳದ ಮರಳಿನಲ್ಲಿ ಹೆಜ್ಜೆಗಳು ಕಂಡವು. ಹಾಗೆ ನುಗ್ಗಿದಾಗ ಕಚ್ಚಿಸಿಕೊಂಡು ಸಾಯುವ ಕುರಿ ಒಂದೋ ಎರಡೋ. ಬೆದರಿ ಬಲೆ ಹರಿದುಕೊಂಡು ಓಡಿ, ಗಬ್ಬದ ಕುರಿಗಳು ಕಂದು ಹಾಕುವುದರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ತೋಳವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ ಪ್ರಾಣಿ, ಕೊಲ್ಲುವುದು ಅಪರಾಧ. ಕುರಿ ಹೋದರೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಬೇಕು. ಆದರೆ ಈಗ ತೋಳಕ್ಕಿಂತ ಊರ ಬೀದಿ ನಾಯಿಗಳ ಗುಂಪಿನದೇ ಹೆಚ್ಚು ಕಾಟವೆಂದು ಆ ಮನೆಯ ಹಿರಿಯ ಮಗ ಹೇಳಿದ.

ತಿರುಗುವ ಕುರಿಗಳು

ಆ ಮಳೆಗಾಲದಲ್ಲಿ ಅವರ ಮಂದೆಗೆ ಒಂದು ಕೇಡು ಬಂತು. ಒಂದು ವರ್ಷದೊಳಗಿನ ಕುರಿಯೊಂದು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಲ್ಲೇ ಸುತ್ತತೊಡಗಿತು. ಮಂದೆಯಿಂದ ಹಿಂದುಳಿದು ಬೇಲಿಗೆ ಹಣೆ ಒತ್ತಿ ನಿಲ್ಲುತ್ತಿತ್ತು. ಮೇವು ಬಿಟ್ಟು ಮೂರು ವಾರದಲ್ಲಿ ಸತ್ತಿತು. ಅದರ ಹಿಂದೆಯೇ ಇನ್ನೂ ನಾಲ್ಕು. ಅಜ್ಜಿ ದೃಷ್ಟಿ ತೆಗೆದರು, ದೇವರಿಗೆ ಹರಕೆ ಹೊತ್ತರು. ನನ್ನನ್ನೂ ಕೇಳಿದರು. ಶೇಂಗಾ ಎಲೆಚುಕ್ಕೆಗೆ ಮದ್ದು ಹೇಳಬಲ್ಲ ನನಗೆ ಕುರಿಯ ತಲೆಯೊಳಗಿನದು ಏನು ಗೊತ್ತು? ಪಶುವೈದ್ಯರಾದ ಗೆಳೆಯರೊಬ್ಬರನ್ನು ಕರೆದುಕೊಂಡು ಹೋದೆ.

ಅವರು ಸತ್ತ ಐದನೆಯ ಕುರಿಯ ತಲೆಬುರುಡೆಯನ್ನು ಬಿಡಿಸಿ ತೋರಿಸಿದರು. ಮಿದುಳಿನ ಒಂದು ಬದಿಯಲ್ಲಿ ನಿಂಬೆಹಣ್ಣಿನ ಗಾತ್ರದ ನೀರುಗುಳ್ಳೆ. ಅದರ ತೆಳುವಾದ ಪೊರೆಯ ಒಳಮೈಯಲ್ಲಿ ಅಕ್ಕಿನುಚ್ಚಿನಂತಹ ಬಿಳಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಲಾಡಿಹುಳುವಿನ ತಲೆ. ಇದನ್ನು ತಿಂದ ನಾಯಿಯ ಕರುಳಿನಲ್ಲಿ ಅವು ಬೆಳೆದು, ಸುಮಾರು ಆರು ವಾರಗಳಲ್ಲಿ ಮೊಟ್ಟೆಯಿಡತೊಡಗುತ್ತವೆ. ಮೊಟ್ಟೆಗಳು ನಾಯಿಯ ಮಲದಲ್ಲಿ ಹುಲ್ಲಿನ ಮೇಲೆ ಬೀಳುತ್ತವೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರಿ, ರಕ್ತದ ಮೂಲಕ ಮಿದುಳಿಗೆ ಹೋಗಿ ಮತ್ತೆ ಗುಳ್ಳೆಯಾಗುತ್ತವೆ.

ಸೊಸೆ ಆಗ ಮೆಲ್ಲಗೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಸತ್ತ ಕುರಿ ತಲೆ ನಾಯಿಗೇ ಹಾಕ್ತಿದ್ವಲ್ಲ ಅತ್ತೆ." ಆ ನಾಲ್ಕೂ ಕುರಿಗಳ ತಲೆಗಳನ್ನು ಒಡೆದು ಮೂರು ನಾಯಿಗಳಿಗೆ ಹಂಚಿದ್ದರು.

ಯಜಮಾನರಿಗೆ ಇದು ಒಪ್ಪಿಗೆಯಾಗಲಿಲ್ಲ. "ನಾಯಿ ಪಾಲು ನಾಯಿಗೆ ಕೊಡದೆ ಇರಕ್ಕಾಗುತ್ತಾ ಸ್ವಾಮಿ? ನಮ್ಮಪ್ಪನ ಕಾಲದಿಂದ ತಲೆ, ಕರುಳು ನಾಯಿಗೇ. ರಾತ್ರಿಯೆಲ್ಲ ಕಾಯೋದು ಅದು" ಎಂದರು. ಪಶುವೈದ್ಯರು ವಾದ ಮಾಡಲಿಲ್ಲ. ಬಾಡಿಗೆಂದು ಕೊಯ್ದ ಇನ್ನೊಂದು ಕುರಿಯ ಈಲಿಯನ್ನು ತರಿಸಿ ಅದರಲ್ಲಿದ್ದ ಬೇರೊಂದು ಬಗೆಯ ಬಿಳಿಗುಳ್ಳೆಯನ್ನು ತೋರಿಸಿದರು. ಇದೂ ನಾಯಿಯ ಇನ್ನೊಂದು ಸಣ್ಣ ಲಾಡಿಹುಳುವಿನಿಂದ ಬರುವುದು, ಆದರೆ ಇದು ಕುರಿಗಷ್ಟೇ ಅಲ್ಲ, ಮನುಷ್ಯರ ಈಲಿ ಮತ್ತು ಶ್ವಾಸಕೋಶಗಳಲ್ಲೂ ಬೆಳೆಯುತ್ತದೆ, ನಾಯಿಯ ಮೈ ಮುಟ್ಟಿದ ಕೈಯನ್ನು ತೊಳೆಯದೆ ಉಂಡರೆ ಸಾಕು ಎಂದರು. ಆ ಹೊತ್ತಿಗೆ ಮೊಮ್ಮಗಳು ಬೆಳ್ಳಿಯ ಕುತ್ತಿಗೆ ತಬ್ಬಿಕೊಂಡು ಕುಳಿತಿದ್ದಳು. ಯಜಮಾನರು ಅವಳತ್ತ ನೋಡಿ, "ಗುಂಡಿ ಎಷ್ಟು ಆಳ ಬೇಕು?" ಎಂದು ಕೇಳಿದರು.

ಗುಂಡಿ ಕನಿಷ್ಠ ಮೂರು ಅಡಿ ಆಳವಿರಬೇಕು. ಸತ್ತ ಕುರಿಯನ್ನು, ಕಂದು ಹಾಕಿದ್ದನ್ನು, ಕೊಯ್ದಾಗ ಸಿಗುವ ಗುಳ್ಳೆಯಿರುವ ಅಂಗಗಳನ್ನು ಅದರಲ್ಲಿ ಹೂತು, ನಾಯಿ ನರಿ ಕೆದರದಂತೆ ಮೇಲೆ ಕಲ್ಲು ಮತ್ತು ಜಾಲಿ ಮುಳ್ಳು ಹೇರಬೇಕು. ಸತ್ತ ಕುರಿಯದಲ್ಲದೆ, ಕೊಯ್ದ ಆರೋಗ್ಯವಂತ ಕುರಿಯ ತಲೆ ಕರುಳುಗಳನ್ನು ನಾಯಿಗೆ ಕೊಡಲೇಬೇಕೆಂದಿದ್ದರೆ ಚಿಕ್ಕ ಚೂರು ಮಾಡಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕುದಿಸಿ ಕೊಡಬೇಕು. ನಾಯಿಯ ಹೊಟ್ಟೆಯ ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧವಿದೆ. ನಾಯಿಯ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ, ಅಂದರೆ 10 ಕಿಲೋ ತೂಕಕ್ಕೆ 50 ಮಿಲಿಗ್ರಾಂನ ಒಂದು ಮಾತ್ರೆ. ರೋಗ ಕಂಡ ಮಂದೆಯಲ್ಲಿ ಆರು ವಾರಕ್ಕೊಮ್ಮೆ ಕೊಟ್ಟರೆ ಹುಳು ಮೊಟ್ಟೆಯಿಡುವ ಮೊದಲೇ ಸಾಯುತ್ತದೆ. ಆಗದಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ತಪ್ಪಿಸಬಾರದು. ಕೊಡುವ ಮುನ್ನ ಹತ್ತಿರದ ಪಶುವೈದ್ಯರನ್ನು ಕಾಣುವುದು ಲೇಸು. ಮಾತ್ರೆ ನುಂಗಿಸಿದ ಎರಡು ದಿನ ನಾಯಿಯನ್ನು ಕಟ್ಟಿಹಾಕಿ ಮಲವನ್ನು ಹೂಳಬೇಕು, ಇಲ್ಲವಾದರೆ ಹೊರಬಿದ್ದ ಮೊಟ್ಟೆಗಳು ಹುಲ್ಲುಗಾವಲಿಗೇ ಸೇರುತ್ತವೆ.

ಮದ್ದು ಹಾಕಿದ ಮೇಲೂ ನಾಲ್ಕು ತಿಂಗಳಲ್ಲಿ ಇನ್ನೆರಡು ಕುರಿಗಳು ತಿರುಗಿದವು. ಅಜ್ಜಿ ನನ್ನ ಮುಖಕ್ಕೇ ಹೇಳಿದರು: "ನಿಮ್ಮ ಮಾತ್ರೆಗಿಂತ ನಮ್ಮ ಹರಕೆನೇ ವಾಸಿ." ಮಿದುಳಿನ ಗುಳ್ಳೆ ದೊಡ್ಡದಾಗಿ ಲಕ್ಷಣ ತೋರಲು ಎರಡರಿಂದ ಎಂಟು ತಿಂಗಳು ಹಿಡಿಯುತ್ತದೆ, ಆ ಎರಡು ಕುರಿಗಳು ಮೊದಲೇ ಮೊಟ್ಟೆ ತಿಂದಿದ್ದವು ಎಂದು ತಿಳಿಸಿಹೇಳಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು. ಇದನ್ನು ಮೊದಲೇ ಹೇಳದಿದ್ದುದು ನನ್ನ ತಪ್ಪು. ವಿಸ್ತರಣಾ ಕೆಲಸದಲ್ಲಿರುವ ನಮ್ಮವರು ಇದನ್ನು ಗಮನಿಸಬೇಕು. ಆ ಎರಡರ ನಂತರ ಅವರ ಮಂದೆಯಲ್ಲಿ ತಿರುಗುವ ಕುರಿ ಕಂಡಿಲ್ಲ.

ಅದೇ ದಿನ ಮೂರೂ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿದೆವು. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚುಮದ್ದು, ಆಮೇಲೆ ವರ್ಷಕ್ಕೊಮ್ಮೆ. ರೊಪ್ಪದ ನಾಯಿ ರಾತ್ರಿ ನರಿ, ತೋಳ, ಬೀದಿ ನಾಯಿಗಳ ಹಲ್ಲಿಗೆ ಎದುರಾಗುವುದರಿಂದ ಮನೆಯ ನಾಯಿಗಿಂತ ಇದಕ್ಕೆ ಅಪಾಯ ಹೆಚ್ಚು. ನಾಯಿ ಯಾರನ್ನೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ ಹಚ್ಚುತ್ತ ಕುಳಿತರೆ ಪ್ರಾಣಕ್ಕೆ ಕುತ್ತು.

ಕೆಂಚ

ಮರುವರ್ಷ ಬೇಸಿಗೆಯಲ್ಲಿ ನಾನು ಹೋದಾಗ ಹಿಂಡಿನ ಹಿಂದೆ ಕೆಂಚ ಇರಲಿಲ್ಲ. ಹತ್ತಿರದ ತೋಟದವರೊಬ್ಬರು ಕಾಡುಹಂದಿಗೆಂದು ಕೀಟನಾಶಕ ಬೆರೆಸಿ ಬದುವಿನಲ್ಲಿಟ್ಟಿದ್ದ ಉಂಡೆಯನ್ನು ತಿಂದಿತ್ತು. ಬಾಯಲ್ಲಿ ನೊರೆ ಸುರಿಸುತ್ತ, ಕಾಲು ಸೆಟೆದುಕೊಂಡು, ಬೆಳಗಾಗುವುದರೊಳಗೆ ಸತ್ತಿತು. ಮುಂದಿನ ವಾರದಲ್ಲಿ ಹಿಂಡಿನ ಹಿಂಬದಿಯಿಂದ ಎರಡು ಮರಿಗಳು ಹೋದವು. ಆ ವರ್ಷ ಯಜಮಾನರು ಆ ಕಡೆಯ ಯಾವ ಹೊಲದಲ್ಲೂ ಕುರಿ ನಿಲ್ಲಿಸಲಿಲ್ಲ. ವಿಷವಿಟ್ಟ ಹೊಲದವನ ಜೊತೆಗೆ ಏನೂ ಅರಿಯದ ಅಕ್ಕಪಕ್ಕದ ಐದಾರು ಮನೆಗಳವರೂ ಗೊಬ್ಬರ ಕಳೆದುಕೊಂಡರು. ಸಸ್ಯರಕ್ಷಣೆಯ ಔಷಧಿಯನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ. ಹಂದಿಯ ಕಾಟವಿರುವ ರೈತರು ಬೇಲಿ, ಕಾವಲು ಮೊದಲಾದ ಬೇರೆ ಉಪಾಯಗಳನ್ನು ನೋಡಬೇಕು. ಹೊಲಕ್ಕೆ ಕುರಿ ಕರೆಯುವ ರೈತರು ಬದುವಿನಲ್ಲಿ ಏನೂ ಇಟ್ಟಿಲ್ಲವೆಂದು ಕುರಿಗಾಹಿಗೆ ಮೊದಲೇ ಹೇಳುವ ರೂಢಿ ಈಗ ಆ ಊರಿನಲ್ಲಿ ಶುರುವಾಗಿದೆ.

ಮರಿ ಕಲಿಸುವ ಕ್ರಮ

ಕೆಂಚನ ಬದಲಿಗೆ ಬೆಳ್ಳಿಯ ಒಂದು ಗಂಡು ಮರಿಯನ್ನು ಉಳಿಸಿಕೊಂಡಿದ್ದಾರೆ. ಮೂರು ವಾರ ತುಂಬಿ ಕಣ್ಣು ಕಿವಿ ಚುರುಕಾದಂದಿನಿಂದ ಅದು ಕುರಿಮರಿಗಳ ಗೂಡಿನಲ್ಲೇ ಬೆಳೆದಿದೆ. ಅಮೆರಿಕದ ಹ್ಯಾಂಪ್‌ಷೈರ್ ಕಾಲೇಜಿನಲ್ಲಿ ರೇಮಂಡ್ ಕೊಪಿಂಜರ್ ಮತ್ತು ಲೋರ್ನಾ ಕೊಪಿಂಜರ್ ದಂಪತಿಗಳು 1970ರ ದಶಕದಲ್ಲಿ ಕಾವಲು ನಾಯಿಗಳ ಮೇಲೆ ನಡೆಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಹುಟ್ಟಿದ ಮೂರರಿಂದ ಹದಿನಾರು ವಾರಗಳ ನಡುವೆ ಕುರಿಗಳ ಜೊತೆ ಬೆಳೆದ ನಾಯಿ ಅವನ್ನೇ ತನ್ನವರೆಂದು ಭಾವಿಸುತ್ತದೆ, ಆ ಕಾಲ ಕಳೆದ ಮೇಲೆ ಎಷ್ಟು ಕಲಿಸಿದರೂ ಅಷ್ಟು ನಂಟು ಬರುವುದಿಲ್ಲ. ಇದನ್ನು ಯಜಮಾನರಿಗೆ ಉತ್ಸಾಹದಿಂದ ವಿವರಿಸಿದೆ. "ಅಷ್ಟು ದೂರ ಹೋಗಿ ನೋಡಬೇಕಿತ್ತಾ ಅದನ್ನ?" ಎಂದರು.

ಮರಿಗೆ ಈಗ ಆರು ತಿಂಗಳು. ಕಳೆದ ವಾರ ಆಟಕ್ಕೆ ಬಿದ್ದು ಒಂದು ಕುರಿಮರಿಯ ಕಿವಿ ಹರಿದಿದೆ. ಈ ವಯಸ್ಸಿನಲ್ಲಿ ಇದು ಸಹಜ. ಹೊಡೆಯದೆ, ಓಡಲು ಅಡ್ಡಿಯಾಗುವಂತೆ ಕೊರಳಿಗೆ ಮೊಣಕಾಲುದ್ದದ ಮರದ ತುಂಡೊಂದನ್ನು ಇಳಿಬಿಟ್ಟಿದ್ದಾರೆ. ದೊಡ್ಡ ಟಗರಿನ ಜೊತೆ ಬಿಟ್ಟು, ಅದರಿಂದ ನಾಲ್ಕು ಗುದ್ದು ತಿನ್ನಿಸುವುದೂ ಉಂಟಂತೆ. ಕೆಲಸಕ್ಕೆ ಬರುವ ನಾಯಿಯಾಗುತ್ತದೆಯೇ ಎಂದು ಕೇಳಿದ್ದಕ್ಕೆ ಯಜಮಾನರು ತಕ್ಷಣ ಉತ್ತರ ಕೊಡಲಿಲ್ಲ. ಮೊಮ್ಮಗಳು ಅದಕ್ಕೆ ಮುದ್ದೆ ಹಾಕಿ ಬಂದು, ಬಾಗಿಲ ಬಳಿಯ ಗಡಿಗೆಯ ನೀರಿನಲ್ಲಿ ಕೈ ತೊಳೆಯುತ್ತಿದ್ದಳು. "ರಾಗಿ ಕೊಯ್ಲಿಗೆ ಬನ್ನಿ ಸ್ವಾಮಿ, ಆಗ ಹೇಳ್ತೀನಿ" ಎಂದರು.