ಬಿಲ್ಲು ಎಳೆಯೋದು ತೋಳಲ್ಲ, ಬೆನ್ನು

ಬಿಲ್ಲು ಎಳೆಯೋಕೆ ತೋಳ್ಬಲ ಬೇಕಾ?
ಇಲ್ಲ ಸ್ವಾಮಿ, ಬೆನ್ನು ಬೇಕು!

ಪೀಣ್ಯದ ಗ್ಯಾರೇಜಲ್ಲಿ ಲಾರಿ ಅಡಿ ಬಗ್ಗಿ ನೋಡಿ.
ಆ ಬಾಗಿದ ಪಟ್ಟಿಗಳಿಗೆ ಏನಂತಾರೆ?
ಕಮಾನ್.
ಫಾರ್ಸಿಯಲ್ಲಿ ಕಮಾನ್ ಅಂದ್ರೆ ಬಿಲ್ಲೇ!
ಎರಡೂ ಬಾಗ್ತಾವೆ, ಶಕ್ತಿ ಹಿಡಿದಿಟ್ಕೊಳ್ತಾವೆ.

ಈಗ ಎಳೆಯೋಣ.
ಹೊಸಬರಿಗೆ 20 ಪೌಂಡ್ ಬಿಲ್ಲು ಸಾಕು.
ಗುರಿ ಕಡೆ ಭುಜ ಮಾಡಿ ನಿಲ್ಲಿ.
ಬಿಲ್ಲು ಹಿಡಿದ ಕೈ ಸಡಿಲ ಇರ್ಲಿ.
ಹೆದೆಗೆ ಮೂರು ಬೆರಳು:
ಬಾಣದ ಮೇಲೊಂದು, ಕೆಳಗೆರಡು.

ಮಂಗೋಲಿಯಾ, ಕೊರಿಯಾದ ಸಾಂಪ್ರದಾಯಿಕ ಬಿಲ್ವಿದ್ಯೆಯಲ್ಲಿ ಹೆಬ್ಬೆರಳಲ್ಲೇ ಎಳೀತಾರೆ.
ದ್ರೋಣರು ಏಕಲವ್ಯನ ಹತ್ರ ಅದನ್ನೇ ಯಾಕೆ ಕೇಳಿದ್ರು,
ಯೋಚನೆ ಮಾಡಿ!

ಈಗ ಮೊಣಕೈ ಹಿಂದಕ್ಕೆ.
ಬೆನ್ನಲ್ಲಿ ಎರಡು ಹೆಗಲೆಲುಬು ಹತ್ತಿರ ಬರ್ಬೇಕು.
ವೈಟ್‌ಫೀಲ್ಡಲ್ಲಿ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಗೂನಾಗಿ ಕೂರೋರಿಗೆ
ಇದೇ ಕಷ್ಟ.
ಭುಜ ಕಿವಿ ತನಕ ಏರಿರುತ್ತೆ.
ಇಳಿಸಿ!

ಬೆರಳು ಬಾಯಿ ಅಂಚು ಮುಟ್ತಾ?
ಅಲ್ಲೇ ನಿಲ್ಲಿ.
ಪ್ರತಿ ಸಲ ಅದೇ ಜಾಗ.
ಬಿಡುವಾಗ ಕೈ ಜಾಡಿಸ್ಬೇಡಿ.
ಬೆರಳು ಸಡಿಲಿಸಿ,
ಹೆದೆ ತಾನೇ ಜಾರುತ್ತೆ.

ಒಂದು ಮಾತ್ರ ಮಾಡ್ಲೇಬೇಡಿ:
ಬಾಣ ಇಲ್ದೆ ಹೆದೆ ಎಳೆದು ಬಿಡೋದು.
ಆ ಶಕ್ತಿ ಹೊತ್ಕೊಂಡು ಹೋಗೋಕೆ ಬಾಣ ಇಲ್ಲ,
ಏಟು ಬಿಲ್ಲಿಗೇ.
ಆಮೇಲೆ ಲಾರಿಯವರು ಹೇಳೋ ಹಾಗೆ,
ಕಮಾನ್ ಕಟ್!