ಲೇತಿನ ಪಕ್ಕಕ್ಕೆ ಬಂದ ಗ್ರಂಥಾಲಯ

1962ರಲ್ಲಿ ಬೆಂಗಳೂರಿನಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಚೆಕೊಸ್ಲೊವಾಕಿಯಾದ ನೆರವಿನಿಂದ ತುಮಕೂರು ರಸ್ತೆಯಲ್ಲಿ ತಲೆಯೆತ್ತಿದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಒಂದು. ಮುಂದೆ ಅದರ ಹೆಸರು ಸ್ವಲ್ಪ ಬದಲಾಯಿತು. ಪೀಣ್ಯ ಕೈಗಾರಿಕಾ ಪ್ರದೇಶದವರಿಗೆ ಮಾತ್ರ ಅದು ಅಂದಿಗೂ ಇಂದಿಗೂ ಸಿಎಂಟಿಐ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಎಸ್. ಆರ್. ರಂಗನಾಥನ್ ಕಟ್ಟಿದ ಡಿಆರ್‌ಟಿಸಿ, ಅಂದರೆ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಇನ್ನೊಂದು. ಅಲ್ಲಿ ಲೇತು, ಮಿಲ್ಲಿಂಗು, ಗ್ರೈಂಡಿಂಗು. ಇಲ್ಲಿ ಪುಸ್ತಕ, ಪತ್ರಿಕೆ, ಸೂಚಿ ಕಾರ್ಡು. ಹೆಸರಘಟ್ಟ ರಸ್ತೆಯ ಕಾಲೇಜಿನಲ್ಲಿ ಓದುವ ಹುಡುಗ ಇವತ್ತು ಮೊಬೈಲಿನಿಂದಲೇ ಕಾಲೇಜು ಗ್ರಂಥಾಲಯದೊಳಗೆ ಹೊಕ್ಕು ಸ್ಪ್ರಿಂಗರ್, ಎಲ್ಸೆವಿಯರ್ ಪತ್ರಿಕೆಗಳನ್ನು ತೆರೆಯುತ್ತಾನೆ. ಆ ಕಥೆ ಶುರುವಾಗುವುದು ಈ ಎರಡು ದಾರಿಗಳು ಕೂಡಿದಲ್ಲಿ.

ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ, 1933ರಲ್ಲಿ ಕೋಲನ್ ವರ್ಗೀಕರಣ ತಂದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1972ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಪುಸ್ತಕ ಇರುವುದು ಬಳಸುವುದಕ್ಕೆ, ಓದುಗನ ಸಮಯ ಉಳಿಸುವುದು ಗ್ರಂಥಪಾಲನ ಕೆಲಸ ಎಂಬುದು ಅವರ ಬೋಧನೆಯ ಸಾರ. ಓದುಗ ಎಂದರೆ ಅವರ ಲೆಕ್ಕದಲ್ಲಿ ವಿದ್ಯಾರ್ಥಿ, ಪ್ರೊಫೆಸರ್ ಮಾತ್ರವಲ್ಲ. ಕಾರ್ಖಾನೆಯ ಎಂಜಿನಿಯರನಿಗೂ ಬೇಕಾದ ಲೇಖನ ಬೇಕಾದ ಹೊತ್ತಿಗೆ ಸಿಗಬೇಕು. ಡಿಆರ್‌ಟಿಸಿ ತಲೆ ಕೆಡಿಸಿಕೊಂಡದ್ದು ಇದಕ್ಕೇ. 1964ರಿಂದ ಬಂದ ಅದರ ಪತ್ರಿಕೆಯಲ್ಲಿ ಎಂಜಿನಿಯರಿಂಗ್ ವಿಷಯಗಳನ್ನೂ ಎಳೆ ಎಳೆಯಾಗಿ ಬಿಡಿಸಿ ವರ್ಗೀಕರಿಸಿದರು.

ಆ ಬಿಡಿಸುವಿಕೆಯ ಸೊಗಸನ್ನು ಪೀಣ್ಯದ ಒಂದು ತೊಂದರೆಯಲ್ಲೇ ನೋಡಬಹುದು. ಬೇರಿಂಗಿನ ಉಂಗುರವನ್ನು ಗ್ರೈಂಡ್ ಮಾಡುವಾಗ ಮೈಮೇಲೆ ಕಂದು ಕಲೆ ಏಳುತ್ತದೆ, ಮಾಲು ರಿಜೆಕ್ಟ್ ಆಗುತ್ತದೆ. ಇದನ್ನು ರಂಗನಾಥನ್ ಮುಂದಿಟ್ಟಿದ್ದರೆ ಅವರು ಮೊದಲು ವಸ್ತು ಯಾವುದು ಎನ್ನುತ್ತಿದ್ದರು: ಬೇರಿಂಗಿನ ಉಂಗುರ. ಯಾವುದರಿಂದ ಮಾಡಿದ್ದು? ಗಟ್ಟಿ ಮಾಡಿದ ಉಕ್ಕು. ಅದರ ಮೇಲೆ ನಡೆದ ಕ್ರಿಯೆ? ಗ್ರೈಂಡಿಂಗ್, ಅದರಿಂದಾದ ಸುಡುವಿಕೆ. ಎಲ್ಲಿ, ಯಾವಾಗ? ಈ ಐದು ಮುಖಗಳಲ್ಲಿ ಕೇಳಿದರೆ ಸಾವಿರಾರು ಲೇಖನಗಳ ರಾಶಿಯಿಂದ ಬೇಕಾದ ನಾಲ್ಕು ಹೊರಗೆ ಬರುತ್ತವೆ. ಅವುಗಳಲ್ಲಿ ಉತ್ತರವೂ ಇರುತ್ತದೆ: ವೀಲಿನ ಮೈ ನುಣುಪಾಗಿ ಅದು ಕತ್ತರಿಸುವ ಬದಲು ಉಜ್ಜುತ್ತಿದೆ, ಕೂಲೆಂಟು ತಾಗಬೇಕಾದ ಜಾಗಕ್ಕೆ ತಾಗುತ್ತಿಲ್ಲ, ಅಥವಾ ಒಂದೇ ಸಲಕ್ಕೆ ಹೆಚ್ಚು ಆಳ ಕೊಟ್ಟಿದ್ದೀರಿ. ಇವತ್ತಿನ ಆನ್‌ಲೈನ್ ಹುಡುಕಾಟದ ಪುಟಗಳ ಎಡಬದಿಯಲ್ಲಿ ವಿಷಯ, ವರ್ಷ, ಲೇಖಕ ಎಂದು ಟಿಕ್ ಹಾಕುವ ಚೌಕಗಳಿರುತ್ತವಲ್ಲ, ಅವುಗಳ ಹಿಂದಿರುವುದೂ ಇದೇ ವಿಚಾರ.

1977ರಲ್ಲಿ ಕೇಂದ್ರ ಸರ್ಕಾರ ನಿಸ್ಸಾಟ್ ಎಂಬ ವೈಜ್ಞಾನಿಕ ಮಾಹಿತಿ ವ್ಯವಸ್ಥೆಯನ್ನು ಶುರುಮಾಡಿತು. ಒಂದೊಂದು ಉದ್ಯಮಕ್ಕೆ ಒಂದೊಂದು ಮಾಹಿತಿ ಕೇಂದ್ರ ಎಂಬುದು ಅದರ ಯೋಜನೆ. ಆಹಾರಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ, ಚರ್ಮಕ್ಕೆ ಮದ್ರಾಸು, ಔಷಧಕ್ಕೆ ಲಖನೌ. ಯಂತ್ರೋಪಕರಣ ಮತ್ತು ಉತ್ಪಾದನಾ ಎಂಜಿನಿಯರಿಂಗಿನ ಕೇಂದ್ರ ನಮ್ಮ ತುಮಕೂರು ರಸ್ತೆಯ ಸಿಎಂಟಿಐಗೆ ಬಂತು. ಹೆಸರು ನಿಕ್‌ಮ್ಯಾಪ್. ಪೀಣ್ಯದ ಬಗ್ಗೆ ಬರೆಯುವವರು ಶೆಡ್ಡುಗಳ ಲೆಕ್ಕ ಹೇಳುತ್ತಾರೆ, ಮೆಟ್ರೊ ಬಂದ 2014ನ್ನು ನೆನೆಯುತ್ತಾರೆ. ನಿಕ್‌ಮ್ಯಾಪಿನ ಹೆಸರೆತ್ತುವವರು ಅಪರೂಪ. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಜಗತ್ತಿನ ಯಂತ್ರೋದ್ಯಮದ ತಿಳಿವಳಿಕೆಯನ್ನು ಕಾರ್ಖಾನೆಗಳಿಗೆ ಮುಟ್ಟಿಸುವುದಕ್ಕೆಂದೇ ಇದ್ದ ಕೇಂದ್ರ ಪೀಣ್ಯದ ಹೆಬ್ಬಾಗಿಲಿನಲ್ಲೇ ಇತ್ತು. ಇದನ್ನು ಮರೆತದ್ದು ಸಣ್ಣ ಮರೆವಲ್ಲ.

ಅದೇ ಸಿಎಂಟಿಐ ಸಿದ್ಧಪಡಿಸಿದ ಮೆಷಿನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್ 1982ರಲ್ಲಿ ಟಾಟಾ ಮೆಕ್‌ಗ್ರಾಹಿಲ್‌ನಿಂದ ಪ್ರಕಟವಾಯಿತು. ಎಂಜಿನಿಯರಿಂಗ್ ಹುಡುಗರು ಅದನ್ನು ಕರೆಯುವುದು ‘ಸಿಎಂಟಿಐ ಹ್ಯಾಂಡ್‌ಬುಕ್’ ಎಂದೇ. 25 ಮಿಲಿಮೀಟರ್ ರಂಧ್ರಕ್ಕೆ ಎಚ್7 ಟಾಲರೆನ್ಸ್ ಎಂದರೆ ಎಷ್ಟು? ಸೊನ್ನೆಯಿಂದ 21 ಮೈಕ್ರಾನ್ ಮೇಲಕ್ಕೆ, ಅಷ್ಟೇ. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಇಂಥ ಕೋಷ್ಟಕಗಳ ಆ ದಪ್ಪ ಪುಸ್ತಕವನ್ನು ಗ್ರೀಸು ಮೆತ್ತಿದ ಕೈಗಳು ತಿರುವಿ ಹಾಕಿವೆ. ಅದನ್ನು ತೆರೆಯಲು ಗುರುತಿನ ಚೀಟಿ ಬೇಕಿರಲಿಲ್ಲ.

ಮುಂದಿನ ದಶಕಗಳನ್ನು ಬೇಗ ದಾಟಿಬಿಡಬಹುದು. ಗ್ರಂಥಾಲಯಗಳನ್ನು ಜೋಡಿಸಲು ಇನ್‌ಫ್ಲಿಬ್‌ನೆಟ್ ಬಂತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾಗಿ, ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಒಂದೇ ವಿಶ್ವವಿದ್ಯಾಲಯದ ಅಡಿಗೆ ಬಂದವು. ಪತ್ರಿಕೆಗಳ ಚಂದಾ ಒಂದೊಂದು ಕಾಲೇಜಿನ ಕೈಗೆ ಎಟುಕದಂತೆ ಏರಿದಾಗ, ಹಲವರು ಸೇರಿ ಒಟ್ಟಿಗೆ ಕೊಳ್ಳುವ ಒಕ್ಕೂಟಗಳು ಹುಟ್ಟಿದವು: 2003ರಲ್ಲಿ ಐಐಟಿ ದೆಹಲಿ ಕೇಂದ್ರಿತ ಇಂಡೆಸ್ಟ್, 2010ರಲ್ಲಿ ಪದವಿ ಕಾಲೇಜುಗಳಿಗೆ ಎನ್-ಲಿಸ್ಟ್, ಮುಂದೆ ವಿಟಿಯುವಿನದೇ ಇ-ಸಂಪನ್ಮೂಲ ಒಕ್ಕೂಟ. ಮೊದಲು ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ತೆರೆಯುತ್ತಿದ್ದ ಪತ್ರಿಕೆಗಳು ಈಗ ಮನೆಯಿಂದಲೂ ಲಾಗಿನ್ ಮೂಲಕ ತೆರೆಯುತ್ತವೆ.

ಇದರಿಂದ ದಿನನಿತ್ಯದ ಬದುಕಿಗೆ ಏನು ಸಿಕ್ಕಿತು? ದಾಸರಹಳ್ಳಿ, ನಾಗಸಂದ್ರದ ಬಾಡಿಗೆ ಮನೆಗಳಲ್ಲಿ ಅಪ್ಪ ಟರ್ನಿಂಗ್ ಶೆಡ್ಡಿನಲ್ಲಿ ದುಡಿಯುತ್ತಾನೆ, ಮಗಳು ಮೆಕ್ಯಾನಿಕಲ್ ಓದುತ್ತಾಳೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಸುವಾಗ ಇನ್ಸರ್ಟು ಬೇಗ ಸವೆಯುತ್ತದೆಂದು ಅಪ್ಪ ಫೀಡ್ ಕಡಿಮೆ ಮಾಡುತ್ತಾನೆ. ಇನ್ನೂ ಬೇಗ ಸವೆಯುತ್ತದೆ. ಆ ಲೋಹ ಒತ್ತಡ ಬಿದ್ದಷ್ಟೂ ಗಟ್ಟಿಯಾಗುವ ಜಾತಿ, ತೀರಾ ತೆಳುವಾಗಿ ಕೆರೆದರೆ ಟೂಲು ಗಟ್ಟಿಯಾದ ಪದರದಲ್ಲೇ ಉಜ್ಜಾಡುತ್ತದೆ, ಫೀಡ್ ಆ ಪದರದ ಕೆಳಗೆ ಇಳಿಯುವಷ್ಟಿರಬೇಕು. ಮಗಳ ಲಾಗಿನ್ನಿನಿಂದ ಈ ಮಾತು ರಾತ್ರಿ ಊಟದ ಹೊತ್ತಿಗೆ ಮನೆಗೆ ಬರಬಲ್ಲದು. ಗ್ರಂಥಾಲಯದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತೋಚುವುದಿಲ್ಲ.

ಇದೇ ಮನೆಯಲ್ಲಿ ಬೋರ್‌ವೆಲ್ ನೀರಿನ ಪ್ರಶ್ನೆಯೂ ಇದೆ. ಪೀಣ್ಯದಲ್ಲಿ ಎಲೆಕ್ಟ್ರೊಪ್ಲೇಟಿಂಗ್ ಘಟಕಗಳು ಬಹಳ. ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಹಳೆಯ ಸುದ್ದಿ. ಲ್ಯಾಬಿನಿಂದ ಬಂದ ವರದಿಯನ್ನು ಓದಬೇಕಾದರೆ ಕುಡಿಯುವ ನೀರಿನ ಐಎಸ್ 10500 ಮಾನಕ ಕೈಯಲ್ಲಿರಬೇಕು. ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಕರಗಿದ ಲವಣಾಂಶ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು ಎನ್ನುತ್ತದೆ ಅದು. ಈ ಮಾನಕಗಳನ್ನು ಹೊರಡಿಸುವ ಭಾರತೀಯ ಮಾನಕ ಬ್ಯೂರೋದ ಬೆಂಗಳೂರು ಶಾಖೆ ಇರುವುದೂ ಪೀಣ್ಯದಲ್ಲೇ.

ಆದರೆ ಈ ಮಾನಕಗಳನ್ನು ಬಹುಕಾಲ ದುಡ್ಡು ಕೊಟ್ಟೇ ಓದಬೇಕಿತ್ತು. ಅಮೆರಿಕದ ಕಾರ್ಲ್ ಮಲಮುಡ್ ಭಾರತದ ಮಾನಕಗಳನ್ನು ಹಣ ಕೊಟ್ಟು ತರಿಸಿಕೊಂಡು, ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಏರಿಸಿಬಿಟ್ಟರು. ಬ್ಯೂರೋ ಆಕ್ಷೇಪಿಸಿತು. ಜನರ ಜೀವಕ್ಕೆ, ಸುರಕ್ಷತೆಗೆ ಸಂಬಂಧಿಸಿದ ನಿಯಮಗಳನ್ನು ಬೀಗ ಹಾಕಿಡುವುದು ಸರಿಯಲ್ಲ ಎಂದು ಅವರೂ ಇಲ್ಲಿನ ಕೆಲವರೂ 2015ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು. ಇವತ್ತು ಇಲ್ಲೇ ರೂಪಿಸಿದ ಭಾರತೀಯ ಮಾನಕಗಳನ್ನು ಬ್ಯೂರೋದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಜಗಳ ಮಾಡಿದ್ದಕ್ಕೆ ಫಲ ಸಿಕ್ಕಿತು. ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಕೆಲಸದಲ್ಲೂ ಮಲಮುಡ್ ಜೊತೆಯಾಗಿದ್ದಾರೆ.

ಪತ್ರಿಕೆಗಳ ವಿಷಯದಲ್ಲಿ ಅಂಥ ಗೆಲುವು ಬಂದಿಲ್ಲ. ನಿಸ್ಸಾಟ್ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಕಾರ್ಖಾನೆಯವರಿಗಾಗಿಯೇ ಇದ್ದ ಏರ್ಪಾಟು ಹೋಯಿತು. ಅದರ ಜಾಗಕ್ಕೆ ಬಂದ ಒಕ್ಕೂಟಗಳು ವಿದ್ಯಾರ್ಥಿ ಮತ್ತು ಅಧ್ಯಾಪಕರಿಗಷ್ಟೇ ಲಾಗಿನ್ ಕೊಡುತ್ತವೆ. ಪದವಿ ಮುಗಿಸಿದ ಹುಡುಗನ ಲಾಗಿನ್ ಸ್ವಲ್ಪ ದಿನಕ್ಕೇ ನಿಂತುಹೋಗುತ್ತದೆ. ನಿಜವಾದ ಯಂತ್ರದ ಮುಂದೆ ನಿಂತು, ನಿಜವಾದ ಪ್ರಶ್ನೆ ಎದುರಾಗುವುದು ಆಮೇಲೆ! 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯದು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ದೊಡ್ಡ ಹೆಜ್ಜೆ, ಸಂತೋಷವೇ. ಆದರೆ ಅದು ಸರ್ಕಾರಿ ವಿದ್ಯಾಸಂಸ್ಥೆ, ಸಂಶೋಧನಾಲಯಗಳಿಗೆ. ಪೀಣ್ಯದ ಸುತ್ತ ಇರುವ ಖಾಸಗಿ ಕಾಲೇಜಿನ ವಿದ್ಯಾರ್ಥಿಯೂ ಶೆಡ್ಡಿನ ಕೆಲಸಗಾರನೂ ಅದರ ಹೊರಗೇ ಉಳಿದರು.

ನನ್ನ ಸಿಟ್ಟು ಇಲ್ಲೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟಬೇಕು. ಪೀಣ್ಯದ ಶೆಡ್ಡುಗಳೂ ಕಟ್ಟುತ್ತವೆ. ಕರ ಕೊಟ್ಟವನಿಗೆ ಓದುವ ಹಕ್ಕೂ ಇರಬೇಕು. ಅನೇಕ ಪ್ರಕಾಶಕರ ಒಪ್ಪಂದಗಳಲ್ಲಿ, ಗ್ರಂಥಾಲಯಕ್ಕೆ ಖುದ್ದಾಗಿ ಬಂದ ಹೊರಗಿನ ಓದುಗನಿಗೆ ಅಲ್ಲಿನ ಕಂಪ್ಯೂಟರಿನಲ್ಲಿ ಓದಲು ಅವಕಾಶವಿರುತ್ತದೆ. ಈ ಭಾಗದ ಕಾಲೇಜುಗಳು ರಜಾದಿನಗಳಲ್ಲಿ ಒಂದೆರಡು ಕಂಪ್ಯೂಟರುಗಳನ್ನು ಕೆಲಸಗಾರರಿಗೆ ಬಿಟ್ಟುಕೊಡಲಿ. ಹಳೆ ವಿದ್ಯಾರ್ಥಿಗಳನ್ನೂ ಓದುಗರೆಂದು ಸೇರಿಸುವಂತೆ ವಿಟಿಯು ಮುಂದಿನ ಒಪ್ಪಂದದಲ್ಲಿ ಕೇಳಲಿ. ‘ಒಂದು ದೇಶ’ದ ಚಂದಾ ಸಾರ್ವಜನಿಕ ಗ್ರಂಥಾಲಯಗಳಿಗೂ ಬರಲಿ, ಅದರಲ್ಲಿ ಪೀಣ್ಯದ ಶಾಖೆಯೂ ಇರಲಿ. ರಂಗನಾಥನ್ ಕೊನೆಯವರೆಗೂ ದುಡಿದ ಊರು ಇದು. ಅವರು ಕಲಿಸಿದ್ದನ್ನು ಮೊದಲು ಪಾಲಿಸಬೇಕಾದವರು ನಾವೇ.