ಹಳೆಯ ಗಣಕದಿಂದ ಹೊಸ ಗಣಕಕ್ಕೆ: ಶಾಸನಪಾಠಗಳ ಸಾಗಣೆಯ ವಿಚಾರ

ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯು ಹದಿಮೂರನೆಯ ಶತಮಾನದ ಶಾಂತೇಶ್ವರ ದೇವಾಲಯದಿಂದಾಗಿ ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದ ಊರು. ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಹಾನಗಲ್ಲಿನ ಸುತ್ತಣ ಈ ಪ್ರದೇಶವು ಶಿಲಾಶಾಸನಗಳಿಂದ ಸಮೃದ್ಧವಾಗಿದೆ. ಇಂಥ ಶಾಸನಗಳ ಪಾಠಗಳು ಮೊದಲು ಮಸಿಯ ಪಡಿಯಚ್ಚುಗಳಾಗಿ, ಅನಂತರ ಮುದ್ರಿತ ಸಂಪುಟಗಳಾಗಿ, ಈಚೆಗೆ ಗಣಕಯಂತ್ರದ ಕಡತಗಳಾಗಿ ನಮ್ಮ ಕೈಸೇರಿವೆ. ಅಧ್ಯಾಪಕರ ಕ್ಷೇತ್ರಕಾರ್ಯದ ಟಿಪ್ಪಣಿಗಳೂ ವಿದ್ಯಾರ್ಥಿಗಳ ಪ್ರಬಂಧಗಳೂ ಹಲವೆಡೆ ಒಂದೇ ಹಳೆಯ ಯಂತ್ರದಲ್ಲಿ ಉಳಿದುಕೊಂಡಿವೆ. ವಿಂಡೋಸ್ ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದೂ ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದೂ ತಯಾರಕರ ಸಾಮಾನ್ಯ ಬೆಂಬಲವು ನಿಂತುದರಿಂದ, ಅಂಥ ಯಂತ್ರಗಳನ್ನು ಬದಲಿಸುವ ಪ್ರಸಂಗವು ಎಲ್ಲೆಡೆಯೂ ಒದಗಿದೆ. ಈ ಸಾಗಣೆಯಲ್ಲಿ ಕಡತವು ಉಳಿದೂ ಪಾಠವು ಕೆಡುವ ಸಂಭವವುಂಟು. ಅದು ಹೇಗೆ, ಅದಕ್ಕೆ ಪರಿಹಾರವೇನು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಕಡತಗಳ ನಕಲು

ಮೊದಲ ಹಂತವು ಯಾಂತ್ರಿಕವಾದುದು. ಹಳೆಯ ಯಂತ್ರವು ಇನ್ನೂ ನಡೆಯುತ್ತಿದ್ದರೆ ಹೊರಗಿನ ಹಾರ್ಡ್‌ಡಿಸ್ಕಿಗೆ ಕಡತಗಳನ್ನು ನಕಲು ಮಾಡಬಹುದು. ಯಂತ್ರವು ನಿಂತುಹೋಗಿದ್ದರೂ ಅದರೊಳಗಿನ ಹಾರ್ಡ್‌ಡಿಸ್ಕು ಸುಸ್ಥಿತಿಯಲ್ಲಿದ್ದರೆ, ಅದನ್ನು ಹೊರತೆಗೆದು ತಕ್ಕ ಅಡಾಪ್ಟರಿನ ಮೂಲಕ ಯುಎಸ್‌ಬಿಗೆ ಜೋಡಿಸಿ ಓದಬಹುದು. ಇಲ್ಲಿ ಪಾಲಿಸತಕ್ಕ ನಿಯಮಗಳು ಮೂರು. ಕಡತಗಳನ್ನು ನಕಲು ಮಾಡಬೇಕೇ ಹೊರತು ಮೂಲದಿಂದ ಕತ್ತರಿಸಿ ಒಯ್ಯಬಾರದು. ಎರಡೂ ಕಡೆಯ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರಗಳನ್ನು ಹೋಲಿಸಬೇಕು. ಮುಖ್ಯವಾದ ಕಡತಗಳಿಗೆ ಹ್ಯಾಷ್ ಎಂಬ ಪರೀಕ್ಷಾಸಂಖ್ಯೆಯನ್ನು ತೆಗೆದು ತಾಳೆನೋಡಬೇಕು. ಎಸ್‌ಎಚ್‌ಎ-೨೫೬ ಎಂಬ ಕ್ರಮದಲ್ಲಿ ಈ ಸಂಖ್ಯೆಯನ್ನು ೬೪ ಅಂಕಾಕ್ಷರಗಳಲ್ಲಿ ಬರೆಯುತ್ತಾರೆ. ಕಡತದಲ್ಲಿ ಒಂದು ಚುಕ್ಕಿಯು ವ್ಯತ್ಯಾಸವಾದರೂ ಅದು ಪೂರ್ತಿ ಬೇರೆಯಾಗುತ್ತದೆ.

ಕಾಲನಿರ್ಣಯದಲ್ಲಿ ಆಸಕ್ತರಾದವರು ಇನ್ನೊಂದು ಅಂಶವನ್ನು ಗಮನಿಸಬೇಕು. ವಿಂಡೋಸಿನಲ್ಲಿ ನಕಲು ಮಾಡಿದ ಕಡತದ 'ಸೃಷ್ಟಿಯ ದಿನಾಂಕ'ವು ಸಾಮಾನ್ಯವಾಗಿ ನಕಲು ಮಾಡಿದ ದಿನದ್ದಾಗಿರುತ್ತದೆ; 'ತಿದ್ದುಪಡಿಯ ದಿನಾಂಕ'ವಾದರೋ ಹಳೆಯದೇ ಉಳಿಯುತ್ತದೆ. ಹುಟ್ಟುವುದಕ್ಕೆ ಮೊದಲೇ ತಿದ್ದಲ್ಪಟ್ಟಂತೆ ತೋರುವ ಕಡತವನ್ನು ಕಂಡು ಗೊಂದಲಪಡಬೇಕಾದುದಿಲ್ಲ. ಅದು ನಕಲು ಎಂಬುದಕ್ಕೆ ಆ ವಿಲೋಮಕ್ರಮವೇ ಸೂಚನೆ.

೨. ಅಕ್ಷರಗಳ ಸಾಗಣೆ

ಇಂಗ್ಲಿಷ್ ಬರಹಕ್ಕೆ ಮೇಲಿನ ಕ್ರಮವು ಬಹುಮಟ್ಟಿಗೆ ಸಾಕು. ಹಳೆಯ ಕನ್ನಡ ಕಡತಗಳಿಗೆ ಸಾಲದು. ೧೯೯೮ರಲ್ಲಿ ಮೊದಲು ಹೊರಬಂದ 'ಬರಹ', ಕನ್ನಡ ಗಣಕ ಪರಿಷತ್ತು ರಾಜ್ಯ ಸರಕಾರಕ್ಕಾಗಿ ಸಿದ್ಧಪಡಿಸಿದ 'ನುಡಿ' ಮೊದಲಾದ ತಂತ್ರಾಂಶಗಳು ಗಣಕದಲ್ಲಿ ಕನ್ನಡದ ಬಳಕೆಗೆ ಮಹದುಪಕಾರವನ್ನು ಮಾಡಿದವು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ರೂಪಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ನುಡಿಯ ಹಳೆಯ ಫಾಂಟಿನಲ್ಲಿ ದೊಡ್ಡ 'ಪಿ' ಅಕ್ಷರದ ಸ್ಥಾನದಲ್ಲಿರುವುದು ತಲೆಕಟ್ಟಿಲ್ಲದ ಕಕಾರದ ಒಡಲು. ತಲೆಕಟ್ಟಿನ ಸ್ಥಾನವು ಬೇರೆ. ಎಂದರೆ ಆ ಕಡತದಲ್ಲಿ ಶೇಖರವಾಗಿರುವುದು ಅಕ್ಷರವಲ್ಲ, ಅಕ್ಷರದ ಚಿತ್ರಖಂಡಗಳು. ಆ ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ಇದನ್ನು ಕೆಟ್ಟ ಕಡತವೆಂದು ಭಾವಿಸಿ ಅಳಿಸಿಹಾಕುವುದು ದೊಡ್ಡ ಅನರ್ಥ. ಹಳೆಯ ಫಾಂಟನ್ನೂ ಕಡತಗಳೊಡನೆ ತಂದು ಹೊಸ ಯಂತ್ರದಲ್ಲಿ ಸ್ಥಾಪಿಸಿದರೆ ಪಾಠವು ಪುನಃ ಗೋಚರವಾಗುತ್ತದೆ.

ಇದು ತಾತ್ಕಾಲಿಕ ಪರಿಹಾರ. ಶಾಶ್ವತ ಪರಿಹಾರವೆಂದರೆ ಯುನಿಕೋಡಿಗೆ ಪರಿವರ್ತನೆ. ೧೯೯೧ರಲ್ಲಿ ಪ್ರಕಟವಾದ ಈ ಜಾಗತಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾಗಿವೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ 'ತುಂಗಾ' ಎಂಬ ಯುನಿಕೋಡ್ ಫಾಂಟು ಇದ್ದಿತು. ಪರಿವರ್ತನೆಯ ಸಾಧನಗಳು ಸುಲಭವಾಗಿ ದೊರೆಯುತ್ತವೆ. ಆದರೆ ಕೆಲಸವು ತೋರುವಷ್ಟು ಸರಳವಲ್ಲ. 'ಧರ್ಮ' ಎಂಬ ಶಬ್ದವನ್ನು ನೋಡೋಣ. ಹಳೆಯ ಫಾಂಟಿನ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ಮೊದಲು ಧ, ಬಳಿಕ ಮ, ಕೊನೆಗೆ ಅರ್ಕಾವೊತ್ತು ಇರುತ್ತವೆ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫವು ಮಕಾರಕ್ಕೆ ಮೊದಲೇ ಬರಬೇಕು. ಪರಿವರ್ತಕವು ಪ್ರತಿಯೊಂದು ಅರ್ಕಾವೊತ್ತನ್ನೂ ಹಿಂದಕ್ಕೆ ಸರಿಸಬೇಕಾಗುತ್ತದೆ.

೩. ಹಳಗನ್ನಡದ ಪಾಠಗಳ ವಿಶೇಷ

ಶಾಸನಪಾಠಗಳಲ್ಲಿ ತೊಡಕು ಇಮ್ಮಡಿಸುತ್ತದೆ. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವವು ವಿಶೇಷವಾಗಿ ಕಾಣುತ್ತದೆ: ಧರ್ಮ್ಮ, ಸರ್ವ್ವ ಇತ್ಯಾದಿ. ಇಲ್ಲಿ ರೇಫವು ವ್ಯಂಜನವನ್ನೂ ಅದರ ಒತ್ತನ್ನೂ ದಾಟಿ ಹಿಂದೆ ಸರಿಯಬೇಕು. ಸಂಪಾದಕರು ಸಂದಿಗ್ಧ ಅಕ್ಷರಗಳಿಗೆ ಹಾಕಿದ ಕಂಸವು ನಡುವೆ ಬಂದರೆ ಪರಿವರ್ತಕವು ತಡವರಿಸಬಹುದು. ಕಾಗುಣಿತ ತಿದ್ದುವ ತಂತ್ರಾಂಶವಂತೂ 'ಧರ್ಮ್ಮ'ವನ್ನು ತಪ್ಪೆಂದೆಣಿಸಿ 'ಧರ್ಮ'ವನ್ನಾಗಿಸಲು ಮುಂದಾಗುತ್ತದೆ.

ಱ ಮತ್ತು ೞ ಅಕ್ಷರಗಳ ಸ್ಥಿತಿಯು ಇನ್ನೂ ಸೂಕ್ಷ್ಮವಾದುದು. ಶಾಸನದ ಕಾಲವನ್ನು ಊಹಿಸುವಾಗ ಇವುಗಳ ಬಳಕೆಯೂ ಒಂದು ಆಧಾರವಾಗುತ್ತದೆ. 'ಅೞಿ' ಎಂದರೆ ನಾಶವಾಗು ಅಥವಾ ನಾಶಮಾಡು. ದಾನಶಾಸನಗಳ ಶಾಪಾಶಯದಲ್ಲಿ ಈ ಧಾತುವು ಬರುತ್ತದೆ. ೞಕಾರವು ಳಕಾರವಾಗಿ ಬದಲಾದರೆ ಓದುಗನಿಗೆ ಅರ್ಥವು ಹೊಳೆದೀತು. ಆದರೆ ಭಾಷೆಯ ಸಾಕ್ಷ್ಯವು ಮಾತ್ರ ಮಾಯವಾಗುತ್ತದೆ. ಯುನಿಕೋಡಿನಲ್ಲಿ ೞಕಾರಕ್ಕೆ ಸ್ಥಾನವುಂಟಾದರೂ, ಪಟ್ಟಿಯಲ್ಲಿ ಅದಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಹೆಸರಿನಿಂದ ಅಕ್ಷರವನ್ನು ಹುಡುಕುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಆದುದರಿಂದ ಪರಿವರ್ತಿತ ಪಾಠವನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮುದ್ರಿತ ಸಂಪುಟದೊಡನೆ ಅಥವಾ ಪಡಿಯಚ್ಚಿನೊಡನೆ ಹೋಲಿಸುವುದು ಅವಶ್ಯ. ಹೀಗೆ ಓದುವಾಗ ದ್ವಿತ್ವವನ್ನೂ ಱ, ೞಗಳನ್ನೂ ಬಿಡಿಸಿ ಹೇಳಬೇಕು. ಏಕೆಂದರೆ ಇಂದಿನ ನಾಲಗೆಗೆ ಅವುಗಳ ಭೇದವಿಲ್ಲ. ಅಂಕಿಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಶಕವರ್ಷಕ್ಕೆ ೭೮ ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕವು ಬರುವುದರಿಂದ, ಎರಡನ್ನೂ ಕೊಟ್ಟಿರುವ ಕಡೆ ತಪ್ಪು ತಾನಾಗಿಯೇ ಹೊರಬೀಳುತ್ತದೆ.

೪. ಲಿಪಿಕಾರನ ಮಾದರಿ

ತಾಳೆಗರಿಯ ಲಿಪಿಕಾರರಲ್ಲಿ ಅನೇಕರು ಪ್ರತಿಯ ಕೊನೆಯಲ್ಲಿ ತಮ್ಮ ಹೆಸರು, ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸುತ್ತಿದ್ದರು. ಆ ಪದ್ಧತಿಯು ಇಲ್ಲಿಯೂ ಅನುಸರಣೀಯ. ಕಡತಗಳ ಪ್ರತಿಯೊಂದು ಸಂಗ್ರಹದೊಡನೆ ಒಂದು ಸಣ್ಣ ಟಿಪ್ಪಣಿಯಿರಲಿ: ಯಾವ ಯಂತ್ರದಿಂದ ಬಂದುದು, ಮೂಲ ಫಾಂಟು ಯಾವುದು, ಪರಿವರ್ತನೆ ಎಂದು ನಡೆಯಿತು, ತಾಳೆನೋಡಿದವರು ಯಾರು. ಸ್ಥಳನಾಮಗಳ ವಿವರವೂ ಅದರಲ್ಲಿರಬೇಕು. ತಿಳವಳ್ಳಿಯು ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಅದಕ್ಕೆ ಹಿಂದಿನ ಸಂಪುಟಗಳಿಂದ ಮಾಡಿದ ಕಡತಗಳು 'ಹಾವೇರಿ' ಎಂದು ಹುಡುಕಿದವರಿಗೆ ಸಿಕ್ಕಲಾರವು. 'ತಿಳುವಳ್ಳಿ' ಎಂಬ ರೂಪವೂ ಬಳಕೆಯಲ್ಲಿರುವುದರಿಂದ ಎರಡನ್ನೂ ಬರೆದಿಡುವುದು ಲೇಸು.

ಮೂಲ ಕಡತ, ಅದರ ಫಾಂಟು, ಯುನಿಕೋಡ್ ಪಾಠ, ಫಾಂಟನ್ನು ಒಳಗೊಂಡ ಪಿಡಿಎಫ್ ಪ್ರತಿ ಈ ನಾಲ್ಕನ್ನೂ ಒಟ್ಟಿಗೆ, ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಬೇಕು. ಪಿಡಿಎಫ್ ಪ್ರತಿಯು ಪುಟದ ರೂಪವನ್ನು ಕಾಪಾಡುತ್ತದೆ. ಹುಡುಕುವುದಕ್ಕೂ ಹೋಲಿಸುವುದಕ್ಕೂ ಯುನಿಕೋಡ್ ಪಾಠವೇ ಬೇಕು. ಅದರಲ್ಲಿ ಸಂದೇಹವುಂಟಾದಾಗ ಮೂಲ ಕಡತವೇ ಪ್ರಮಾಣ. ಪಾಠವನ್ನು ತಾಳೆನೋಡುವವರೆಗೆ ಹಳೆಯ ಯಂತ್ರವನ್ನು ವಿಲೇವಾರಿ ಮಾಡಬಾರದು. ಬಯಲಿನಲ್ಲಿರುವ ಎಷ್ಟೋ ಶಾಸನಗಳು ಮಳೆಗಾಳಿಗೆ ಸವೆಯುತ್ತಿವೆ. ಕಲ್ಲಿನ ಮೇಲೆ ಅಕ್ಷರವು ಅಳಿಸಿಹೋದ ಮೇಲೆ ಉಳಿಯುವುದು ನಮ್ಮ ಪ್ರತಿಯೊಂದೇ. ಅದನ್ನು ಶುದ್ಧವಾಗಿ ಮುಂದಿನವರಿಗೆ ದಾಟಿಸುವುದು ಇತಿಹಾಸದ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಹೊಣೆಯಾಗಿದೆ.